ಮೊದಲು ಕ್ಲಾಕ್, ಆಮೇಲೆ ಮೆಮೊರಿ

ಜನವರಿ 7, ಬೆಳಿಗ್ಗೆ 9.10
ಇವತ್ತೂ ಅದೇ ಕಥೆ. ಸ್ವಿಚ್ ಹಾಕಿದೆ — ನಾವು ತಯಾರಿಸುವ ಲಿಫ್ಟಿನ ಕಂಟ್ರೋಲ್ ಬೋರ್ಡ್ ಏಳಲಿಲ್ಲ. ಆಫ್ ಮಾಡಿ ಮತ್ತೆ ಹಾಕಿದರೆ ಏಳುತ್ತದೆ. ಮಧ್ಯಾಹ್ನ ಒಮ್ಮೆಯೂ ಕೈಕೊಡುವುದಿಲ್ಲ. ಚಳಿಗೆ ಬಿಡುವುದು ಬೆಸುಗೆ ತಾನೇ? ಕಾರ್ಖಾನೆಯ ಯಜಮಾನರಿಗೆ ಹಾಗೇ ಹೇಳಿಬಿಟ್ಟೆ. ಬೋರ್ಡನ್ನು ಎಬ್ಬಿಸುವ ನನ್ನ ಬೂಟ್ ಕೋಡ್ ಎರಡು ವರ್ಷದಿಂದ ಓಡುತ್ತಿದೆ, ಅದನ್ನೇನು ನೋಡುವುದು.

ಜನವರಿ 9
ಬೆಸುಗೆ ಹಾಕುವ ಅಕ್ಕ ನಿನ್ನೆ ಹೊಸ ಕಂತಿನ ಇಪ್ಪತ್ತೂ ಬೋರ್ಡಿಗೆ ಮತ್ತೆ ಬೆಸುಗೆ ಹಾಕಿದ್ದರು. ಇವತ್ತು ಬೆಳಿಗ್ಗೆಯೂ ಏಳಲಿಲ್ಲ. ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟರು.
"ನೀವೇ ನೋಡಿ ಸರ್. ಒಂದಾದ್ರೂ ಜಾಯಿಂಟ್ ಬಿಟ್ಟಿದ್ರೆ ತೋರ್ಸಿ."
ಕಾಣಲಿಲ್ಲ. ಕಣ್ಣಿಗೆ ಕಾಣದ ಬಿರುಕಿರಬಹುದು ಎಂದೆ. ಅಕ್ಕ ಭೂತಗನ್ನಡಿ ವಾಪಸ್ ತೆಗೆದುಕೊಂಡು ತಮ್ಮ ಕುರ್ಚಿಗೆ ಹೋದರು.

ಜನವರಿ 14
ಅಕ್ಕನ ಕುರ್ಚಿಯಲ್ಲಿ ಬೇರೆ ಯಾರೋ. ಬೆಸುಗೆ ಸರಿಯಿಲ್ಲವೆಂದು ಯಜಮಾನರು ಶನಿವಾರವೇ ಅವರನ್ನು ಕೆಲಸದಿಂದ ಬಿಡಿಸಿದರಂತೆ. ಹನ್ನೊಂದು ವರ್ಷದ ಕೆಲಸ.
ಹೊಸಬರು ಬೆಸುಗೆ ಹಾಕಿದ ಬೋರ್ಡಿಗೆ ಸ್ವಿಚ್ ಹಾಕಿದೆ. ಅದೂ ಏಳಲಿಲ್ಲ...

ಜನವರಿ 17, ಬೆಳಿಗ್ಗೆ
ನಿನ್ನೆ ಕಾರಣ ಸಿಕ್ಕಿತು. ಮೊದಲು ಪವರ್, ಆಮೇಲೆ ಕ್ಲಾಕ್ — ಇಡೀ ಬೋರ್ಡಿಗೆ ತಾಳ ಹಾಕುವುದು ಅದೇ. ತಾಳ ಸರಿಹೋದ ಮೇಲೆ ಮೆಮೊರಿ ಏಳಬೇಕು. ಚಳಿಯಲ್ಲಿ ಕ್ಲಾಕ್‌ಗೆ ಚೂರು ಹೆಚ್ಚು ಹೊತ್ತು ಬೇಕು. ನನ್ನ ಕೋಡ್ ಕಾಯುವುದೇ ಇಲ್ಲ. ಕಾಯುವ ಸಾಲೊಂದು ಇತ್ತು. ಬೋರ್ಡ್ ಬೇಗ ಏಳಲಿ ಎಂದು ಡಿಸೆಂಬರ್‌ನಲ್ಲಿ ನಾನೇ ಅಳಿಸಿದ್ದೆ. ಮರೆತೇಬಿಟ್ಟಿದ್ದೆ.
ಸಾಲನ್ನು ವಾಪಸ್ ಹಾಕಿದೆ. ಇವತ್ತಿನ ಚಳಿಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಎದ್ದವು. ನಾಚಿಕೆಯಾಗುತ್ತಿದೆ.

ಅದೇ ದಿನ, ಸಂಜೆ
ಕೂತಲ್ಲಿ ಕೂರಲಾಗುತ್ತಿಲ್ಲ. "ಕಾಲು ಸುಟ್ಟ ಬೆಕ್ಕಿನ ಹಾಗೆ ಯಾಕ್ರೀ ಓಡಾಡ್ತೀರಿ?" ಎಂದಳು ಹೆಂಡತಿ. ಯಜಮಾನರು ಊರಲ್ಲಿಲ್ಲ, ಫೋನೂ ಎತ್ತುತ್ತಿಲ್ಲ. ಸೋಮವಾರ ಬರುತ್ತಾರೆ. ತಡೆಯಲಾಗದೆ ಅಕ್ಕನಿಗೆ ಫೋನ್ ಮಾಡಿದೆ. ತಪ್ಪು ನನ್ನದು, ಸೋಮವಾರ ಕೆಲಸಕ್ಕೆ ಬನ್ನಿ ಎಂದೆ.
"ಯಜಮಾನ್ರು ಒಪ್ಪಿದ್ರಾ ಸರ್?"
"ಒಪ್ಪಿದ ಹಾಗೇ ಅಂತ ಇಟ್ಕೊಳ್ಳಿ."

ಜನವರಿ 19, ಬೆಳಿಗ್ಗೆ 8.50
ಅಕ್ಕ ಆಗಲೇ ಬಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದಾರೆ.
"ಬೇರೆ ಕಡೆ ಕೆಲಸ ಸಿಕ್ಕಿತ್ತು ಸರ್, ಇವತ್ತೇ ಸೇರ್ಬೇಕಿತ್ತು. ನಿಮ್ಮ ಫೋನ್ ಬಂದ್ಮೇಲೆ ಬರಲ್ಲ ಅಂತ ಹೇಳ್ಬಿಟ್ಟೆ."
ನಕ್ಕರು. ನಾನೂ ನಕ್ಕೆ, ಬೇರೇನು ಮಾಡಲಿ. ಯಜಮಾನರಿಗೆ ಇನ್ನೂ ಒಂದು ಮಾತೂ ಹೇಳಿಲ್ಲ.
ಹೊರಗೆ ಯಜಮಾನರ ಕಾರಿನ ಬಾಗಿಲು ಹಾಕಿದ ಸದ್ದು. ಅಕ್ಕ ಎದ್ದು ನಿಂತರು, ನಮಸ್ಕಾರ ಹೇಳಲು. ಅಕ್ಕ ಬಾಯಿ ತೆರೆಯುವ ಮೊದಲು ನಾನೇ ಯಜಮಾನರಿಗೆ ತಪ್ಪು ನನ್ನದು ಎಂದು ಹೇಳಬೇಕು —