ನಿಮಗೆ ಗೊತ್ತಿರುವ ಹಾಗೆ

ಕಾಲುವೆ ರಸ್ತೆ,
ಜೂನ್ ೧೧

ಪ್ರಿಯ ಲೋರ್ನಾ,

ನಿನ್ನ ಕಾಗದ ಬಂದು ಎರಡು ತಿಂಗಳಾಗುತ್ತ ಬಂತು. ಕಾಲೇಜಿನ ಕೆಲಸದಲ್ಲಿ ಪುರುಸೊತ್ತಾಗಲಿಲ್ಲ ಎಂದು ಬರೆಯಲು ಹೊರಟಿದ್ದೆ. ನನ್ನ ಜೊತೆ ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಆ ವಾಕ್ಯ ಬಾಯಿಪಾಠವಾಗಿರುತ್ತದೆ ಎಂದು ಹೊಡೆದು ಹಾಕಿದೆ. ನಿಜವಾದ ಕಾರಣ ನಿನ್ನ ಕಾಗದದ ಕೊನೆಯ ಸಾಲು. "ಮೆನಾಗೆ ಕೆಲಸ ಕಾಯಂ ಆಯ್ತಾ? ಆಗಿದ್ರೆ ನನ್ನ ಲೆಕ್ಕದಲ್ಲಿ ಒಂದ್ಸಲ ಗಟ್ಟಿಯಾಗಿ ತಬ್ಬಿಕೋ" ಎಂದು ಬರೆದಿದ್ದೆ. ಆ ಒಂದು ಸಾಲಿಗೆ ಉತ್ತರ ಕೊಡಲಾಗದೆ ಉಳಿದ ಸಾಲುಗಳಿಗೂ ಕೊಡಲಿಲ್ಲ. ಕ್ಷಮಿಸು.

ನಿನ್ನ ಮಂಡಿ ಈಗ ಹೇಗಿದೆ? ವಾಲ್ಟರ್ ಆ ದೋಣಿಯನ್ನು ಕಟ್ಟಿ ಮುಗಿಸಿದನೋ, ಇಲ್ಲ ಇನ್ನೂ ಗ್ಯಾರೇಜಿನಲ್ಲೇ ಇದೆಯೋ? ನಿನ್ನ ಗಂಡನನ್ನು ನಾನು ವಿಚಾರಿಸುವುದು ನಿನಗೆ ನಗು ತರಿಸಬಹುದು, ಆದರೆ ಮನಸಾರೆ ಕೇಳುತ್ತಿದ್ದೇನೆ. ಇಲ್ಲಿ ಬಿಸಿಲು ಆಗಲೇ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿದೆ. ಪಕ್ಕದ ಬಾದಾಮಿ ತೋಟವನ್ನು ಬುಡಸಮೇತ ಕಿತ್ತುಬಿಟ್ಟರು. ಈಗ ಅಡುಗೆಮನೆಯ ಕಿಟಕಿಯಿಂದ ಹೆದ್ದಾರಿ ಕಾಣುತ್ತದೆ. ಟೊಮೆಟೊ ಲಾರಿಗಳು ಇನ್ನೂ ಶುರುವಾಗಿಲ್ಲ.

ಮೆನಾಗೆ ಕೆಲಸ ಆಗಲಿಲ್ಲ.

ಅವಳು ಹೇಗಿದ್ದಳು ಎಂದು ನಿನಗೆ ನೆನಪಿರುತ್ತದೆ. ಈಗಲೂ ಹಾಗೇ ಇದ್ದಾಳೆ. ಪೋರ್ಚುಗಲ್ಲಿನ ಅಸೋರ್ಸ್ ದ್ವೀಪಗಳಿಂದ ಬಂದ ಹೈನುಗಾರರ ಮಗಳು, ದೊಡ್ಡ ದನಿ, ಚೂಪು ನಾಲಿಗೆ, ನಮ್ಮ ವಿಭಾಗದಲ್ಲಿ ಹದಿನೇಳು ವರ್ಷದಿಂದ ಬರವಣಿಗೆ ಕಲಿಸುತ್ತಿರುವ ಅರೆಕಾಲಿಕ ಅಧ್ಯಾಪಕಿ. ಪ್ರತಿ ಅವಧಿಗೂ ಹೊಸ ಕರಾರು. ಕೂರಲು ಕೋಣೆಯಿಲ್ಲ. ಪುಸ್ತಕಗಳು, ತಿದ್ದಬೇಕಾದ ಪ್ರಬಂಧಗಳು, ಮಳೆಗಾಲದ ಬೂಟು ಎಲ್ಲವೂ ಕಾರಿನ ಡಿಕ್ಕಿಯಲ್ಲಿ. ಬೆಳಿಗ್ಗೆ ನಮ್ಮಲ್ಲಿ, ಮಧ್ಯಾಹ್ನ ಇನ್ನೊಂದು ಊರಿನ ಕಾಲೇಜಿನಲ್ಲಿ, ಸಂಜೆ ಮತ್ತೊಂದರಲ್ಲಿ. ಆ ಕಾರಿಗೆ 'ಡೀನರ ಕಚೇರಿ' ಎಂದು ಹೆಸರಿಟ್ಟವಳು ನೀನೇ. ಈ ವರ್ಷ, ಬಹಳ ಕಾಲದ ಮೇಲೆ, ನಮ್ಮ ವಿಭಾಗಕ್ಕೆ ಒಂದು ಕಾಯಂ ಹುದ್ದೆ ಸಿಕ್ಕಿತು. ಅದು ಅವಳದೇ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನೂ.

ಆಯ್ಕೆಯ ನಿಯಮಗಳನ್ನು ಬರೆದವನು ನಾನು. ಆ ಬೇಸಿಗೆಯನ್ನು ನೀನು ಮರೆತಿರಲಾರೆ, ಊಟದ ಮೇಜನ್ನು ನಾನು ಆಕ್ರಮಿಸಿಕೊಂಡಿದ್ದರಿಂದ ನೀವಿಬ್ಬರೂ, ನೀನು ಮತ್ತು ಬೆಕ್ಕು, ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದಿರಿ. ಡೀನ್ ತನ್ನ ಅಳಿಯನನ್ನು ಒಳಗೆ ಸೇರಿಸಿಕೊಂಡಿದ್ದ ವರ್ಷ ಅದು. ಅಧ್ಯಾಪಕರ ಸೆನೆಟ್ ಸಿಡಿದೆದ್ದು, ಇನ್ನು ಮೇಲೆ ಅಧ್ಯಾಪಕರನ್ನು ಆರಿಸುವವರು ಅಧ್ಯಾಪಕರೇ ಎಂದು ಠರಾವು ಮಾಡಿತು. ನಿಯಮ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲ ಅಭ್ಯರ್ಥಿಗಳಿಗೂ ಅವೇ ಎಂಟು ಪ್ರಶ್ನೆ, ಅದೇ ಕ್ರಮದಲ್ಲಿ, ಹಾಳೆ ನೋಡಿಕೊಂಡು ಓದಬೇಕು. ಮರುಪ್ರಶ್ನೆ ಕೂಡದು. ನಗಬಾರದು, ತಲೆಯಾಡಿಸಬಾರದು. ಮತ್ತು ನಾನು ತುಂಬ ಹೆಮ್ಮೆಪಟ್ಟ ವಾಕ್ಯ: ಕೋಣೆಯೊಳಗೆ ಹೇಳದೆ ಇದ್ದದ್ದು ಸಮಿತಿಗೆ ಗೊತ್ತಿಲ್ಲ.

ಸಂದರ್ಶನ ಈಸ್ಟರ್ ಆದ ಮೇಲಿನ ವಾರ ಇತ್ತು. ಸಮಿತಿಯಲ್ಲಿ ಐದು ಜನ, ಅಧ್ಯಕ್ಷ ನಾನು. ಮೆನಾ ಪ್ರತಿ ಈಸ್ಟರ್‌ಗೂ ನಡುವೆ ಇಡೀ ಮೊಟ್ಟೆ ಹುದುಗಿಸಿ ಬೇಯಿಸಿದ ಆ ಸಿಹಿ ಬ್ರೆಡ್ಡನ್ನು ವಿಭಾಗಕ್ಕೆ ತರುತ್ತಾಳೆ. ಈ ಸಲವೂ ತಂದಳು. ಸಿಬ್ಬಂದಿ ಕಚೇರಿಯಿಂದ ಆಯ್ಕೆಯ ಮೇಲೆ ಕಣ್ಣಿಡಲು ನೇಮಿಸಿದ ಮಿಸೆಸ್ ಟೈಟಸ್ ಅಲ್ಲೇ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಳು. ನನ್ನ ಕಡೆ ನೋಡಿ, "ಅಭ್ಯರ್ಥಿಯಿಂದ ಏನೂ ತಗೊಳ್ಳೋ ಹಾಗಿಲ್ಲ, ಅಧ್ಯಕ್ಷರೇ" ಎಂದಳು. ನಾನು ಬ್ರೆಡ್ಡನ್ನು ಬಟ್ಟೆಯ ಸಮೇತ ಮೆನಾಳ ಕೈಗೆ ವಾಪಸ್ಸು ಕೊಟ್ಟೆ. ಅವಳಿಗೆ ತಮಾಷೆ ಅನ್ನಿಸಿತು.

"ಲಂಚಾನಾ ಇದು? ಇರೋದು ಒಂದು ಮೊಟ್ಟೆ ಕಣಪ್ಪ. ಐದು ಜನರಲ್ಲಿ ಯಾರನ್ನ ಕೊಂಡ್ಕೊಳ್ಲಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗಿನ್ನೂ ನಗಬಹುದಿತ್ತು.

ಸಂದರ್ಶನದ ದಿನ ಅವಳು ನೀಲಿ ಕೋಟು ಹಾಕಿಕೊಂಡು ಬಂದಳು. ಹಿಂದಿನ ವಾರವಷ್ಟೇ ಅವಳು ಅದೇ ಕೋಣೆಯ ಅದೇ ಮೇಜಿನ ಮೇಲೆ ಕಾಲು ಚಾಚಿ ಕೂತು ನನ್ನ ಜೊತೆ ಪ್ರಬಂಧಗಳನ್ನು ತಿದ್ದಿದ್ದಳು. ನಾನು ಹಾಳೆ ನೋಡಿ ಓದಿದೆ: "ಸ್ವಾಗತ, ಶ್ರೀಮತಿ ಸಿಲ್ವೇರಾ. ನಮ್ಮ ಕಾಲೇಜಿನಲ್ಲಿ ನೀವು ತೋರಿಸಿದ ಆಸಕ್ತಿಗೆ ಧನ್ಯವಾದಗಳು." ಅವಳು ನಮ್ಮ ಐದು ಮುಖಗಳನ್ನೂ ಒಂದೊಂದಾಗಿ ನೋಡಿದಳು, ಯಾರಾದರೂ ಮೊದಲು ನಗಲಿ ಎಂದು ಕಾದವಳಂತೆ. ಯಾರೂ ನಗಲಿಲ್ಲ. ಗೋಡೆಗೆ ಒರಗಿ ಮಿಸೆಸ್ ಟೈಟಸ್ ಕೂತಿದ್ದಳು.

ಮೊದಲನೆಯ ಪ್ರಶ್ನೆ, ಬೋಧನೆಯ ಅನುಭವ ಕುರಿತದ್ದು. "ನಿಮಗೆ ಗೊತ್ತಿರೋ ಹಾಗೆ, ಹದಿನೇಳು ವರ್ಷದಿಂದ ಇಲ್ಲೇ ಇದೀನಿ" ಎಂದು ನಿಲ್ಲಿಸಿಬಿಟ್ಟಳು. ಮೂರನೆಯದು, ದುಡಿಯುತ್ತ ಓದುವ ವಿದ್ಯಾರ್ಥಿಗಳನ್ನು ಕುರಿತದ್ದು. ಹಣ್ಣು ಪ್ಯಾಕ್ ಮಾಡುವ ಷೆಡ್ಡಿಗೆ ತಾನೇ ಹೋಗಿ, ಅಲ್ಲಿನ ಹೆಂಗಸರಿಗೆ ಪಾಳಿ ಬದಲಾಗುವ ಹೊತ್ತಿನಲ್ಲಿ, ಪೀಚ್ ಹಣ್ಣಿನ ಪೆಟ್ಟಿಗೆಗಳ ಮೇಲೆ ಕಾಗದ ಇಡಿಸಿ ಬರೆಯಲು ಕಲಿಸಿದವಳು ಅವಳು. ಈ ಕಣಿವೆಯಲ್ಲಿ ಬೇರೆ ಯಾರೂ ಮಾಡದ ಕೆಲಸ. ಹೇಳಿದ್ದು ಇಷ್ಟು: "ಷೆಡ್ಡಿನ ಕ್ಲಾಸ್ ವಿಷ್ಯ ನಿಮಗೆಲ್ಲ ಗೊತ್ತೇ ಇದೆ, ಅದನ್ನ ಮತ್ತೆ ಕೊರೆಯೋಕೆ ಹೋಗಲ್ಲ." ನಾಲ್ಕನೆಯದಕ್ಕೂ ಹಾಗೇ. ಅದು ಅವಳ ಸಭ್ಯತೆ, ಲೋರ್ನಾ. ಗೊತ್ತಿದ್ದವರ ಮುಂದೆ ತನ್ನ ಬಗ್ಗೆ ಹೇಳಿಕೊಳ್ಳುವುದು ಅವರ ಮನೆಯಲ್ಲಿ ಅಸಹ್ಯ. ಓಹಾಯೋದಿಂದ ಬಂದಿದ್ದ ಇನ್ನೊಬ್ಬ ಅಭ್ಯರ್ಥಿ, ಎಳೆಯ ಹುಡುಗ, ಅಂಥ ವಿದ್ಯಾರ್ಥಿಗಳು ಎಂದಾದರೂ ತನಗೆ ಸಿಕ್ಕರೆ ಏನೇನು ಮಾಡುವೆನೆಂದು ವಿಸ್ತಾರವಾಗಿ, ಚೆನ್ನಾಗಿ ಹೇಳಿದ್ದ. ಒಳ್ಳೆಯ ಹುಡುಗ. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಆರು, ಏಳು, ಎಂಟರ ಹೊತ್ತಿಗೆ ಮೆನಾಳ ದನಿ ಸಣ್ಣದಾಗಿತ್ತು. ಎದ್ದು ಹೋಗುವಾಗ ಕೈಕುಲುಕಲು ಮುಂದೆ ಬಂದಳು. ಅದೂ ಕೂಡದು ಎಂದು ಮಿಸೆಸ್ ಟೈಟಸ್ ಕೆಮ್ಮಿದಳು.

ಅಂಕ ಕೊಡುವಾಗ ಜೀವಶಾಸ್ತ್ರದ ರೊಸಾಲ್ಬಾ ಪೆನ್ನನ್ನು ಮೇಜಿನ ಮೇಲೆ ಎಸೆದಳು.

"ಮೂರನೇದಕ್ಕೆ ಎರಡಾ? ಡೇಲ್, ಆ ಷೆಡ್ಡಿಗೆ ನೀನೇ ಹೋಗಿ ನೋಡ್ಕೊಂಡು ಬಂದಿದ್ದೆ! ವಾಪಸ್ ಬಂದು ನನ್ನ ಹತ್ರ ಅತ್ಕೊಂಡು ಹೇಳ್ದೆ!"

"ಕೋಣೆಯಲ್ಲಿ ಅವಳು ಅದನ್ನ ಹೇಳ್ಲಿಲ್ಲ."

"ನಮಗೆ ಗೊತ್ತಲ್ವೇನೋ!"

"ಡೀನಿಗೆ ಅವನ ಅಳಿಯನೂ ಗೊತ್ತಿದ್ದ, ರೊಸಾಲ್ಬಾ."

ಅದು ಒಳ್ಳೆಯ ಉತ್ತರ ಎಂದು ಆ ಕ್ಷಣ ನನಗೆ ಅನ್ನಿಸಿತು. ರೊಸಾಲ್ಬಾ ನನ್ನನ್ನು ನೋಡಿದ ರೀತಿಯನ್ನು ಈಗ ಬರೆಯಲು ಹೊರಟರೆ ಪದ ಸಿಗುತ್ತಿಲ್ಲ. "ನೀನೇನೋ ನಿನ್ನ ಸ್ವಂತ ಚರ್ಚು ಕಟ್ಕೊಂಡಿದೀಯ. ಒಬ್ಬನೇ ಕೂತು ಹಾಡ್ಕೋ" ಎಂದಳು. ಆದರೂ ಅವಳೂ ತನ್ನ ಅಂಕ ತಿದ್ದಿಕೊಂಡಳು. ಕಾಲೇಜಿನ ಪ್ರೆಸಿಡೆಂಟರ ಬಳಿಗೆ ಎರಡು ಹೆಸರು ಹೋಗಬೇಕು. ಮೆನಾ ಮೂರನೆಯವಳಾದಳು, ಎರಡನೆಯವನಿಗಿಂತ ನಾಲ್ಕು ಅಂಕ ಹಿಂದೆ. ಕೆಲಸ ಓಹಾಯೋದ ಹುಡುಗನಿಗೆ ಆಯಿತು.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅವಳು ಕಾರು ನಿಲ್ಲಿಸುವ ಜಾಗದಲ್ಲಿ ಸಿಕ್ಕಳು. ಸಿಕ್ಕಳು ಎನ್ನುವುದು ಸರಿಯಲ್ಲ. ನಾನು ಅಲ್ಲಿಯವರೆಗೆ ಹಿಂದಿನ ಗೇಟಿನಿಂದ ಓಡಾಡುತ್ತಿದ್ದೆ, ಆ ದಿನ ಗೇಟಿಗೆ ಬಣ್ಣ ಬಳಿಯುತ್ತಿದ್ದರು. ಅವಳು ಡಿಕ್ಕಿ ತೆರೆದು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು.

"ಪ್ರೊಫೆಸರೇ, ಓಡಬೇಡಿ. ನಾನೇನು ಕಚ್ಚಲ್ಲ."

"ಓಡ್ತಾ ಇಲ್ಲ ಮೆನಾ."

"ಒಂದೇ ಒಂದು ಮಾತು ಹೇಳು. ಪಕ್ಕದೂರಿನ ಕಾಲೇಜಲ್ಲಿ ಜುಲೈಗೆ ಒಂದು ಹುದ್ದೆ ಇದೆ. ಅದೇ ನನ್ನ ಕಡೇದು, ಇನ್ನು ನನಗೆ ಕಾರೋಡಿಸಿ ಬದುಕೋ ಶಕ್ತಿ ಇಲ್ಲ. ಇಲ್ಲಿ ಏನು ತಪ್ಪು ಮಾಡ್ದೆ ಅಂತ ಗೊತ್ತಾದ್ರೆ ಅಲ್ಲಿ ಮಾಡಲ್ಲ. ಅಷ್ಟೇ."

"ಹೇಳೋ ಹಾಗಿಲ್ಲ. ಗೋಪ್ಯತೆಗೆ ಸಹಿ ಹಾಕಿದೀವಿ."

"ಆ ನಿಯಮಾನೂ ನೀನೇ ಬರ್ದಿದ್ದಾ?"

"ಹೌದು."

"ಚೆನ್ನಾಗಿ ಬರ್ದಿದೀಯ ಕಣೋ. ಒಂದು ಅಲ್ಪವಿರಾಮನೂ ಆಚೀಚೆ ಇಲ್ಲ."

ಅವಳು ಡಿಕ್ಕಿ ಮುಚ್ಚಿದಳು. ಹೊಸದಾಗಿ ಬರುವವನಿಗೆ ಪಾಠದ ಪೂರ್ತಿ ಹೊರೆ ಕೊಡಬೇಕಲ್ಲ. ಶರತ್ಕಾಲದ ವೇಳಾಪಟ್ಟಿಯಲ್ಲಿ ಅವಳ ತರಗತಿಗಳೆಲ್ಲ ಆ ಹುಡುಗನಿಗೆ ಹೋಗಿವೆ. ಷೆಡ್ಡಿನದೂ. ವೇಳಾಪಟ್ಟಿ ಹಾಕುವವನೂ ನಾನೇ. ಆ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ನನಗೆ ಒಂದು ಉತ್ತರ ಸಿದ್ಧವಿತ್ತು, ಅದೂ ನಿಯಮಕ್ಕೆ ಸಂಬಂಧಿಸಿದ್ದೇ.

ನಾನು ಅನ್ಯಾಯ ಮಾಡಿದೆನೇ ಎಂದು ಕೇಳಿಕೊಂಡರೆ ಇಲ್ಲ ಎಂಬ ಉತ್ತರ ಬರುತ್ತದೆ. ಪ್ರತಿ ಸಲವೂ ಬರುತ್ತದೆ, ಸ್ವಲ್ಪವೂ ತಡಮಾಡದೆ, ಪರೀಕ್ಷೆಗೆ ಉರು ಹೊಡೆದ ಹುಡುಗನ ಹಾಗೆ. ಆ ಉತ್ತರದ ಚುರುಕುತನವೇ ನನಗೆ ನಾಚಿಕೆ ತರುತ್ತದೆ. ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗ ನನ್ನ ಕಣ್ಣನ್ನು ಬಿಟ್ಟು ಕೆನ್ನೆಯನ್ನಷ್ಟೇ ನೋಡಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ.

ಈಗ ಈ ಕಾಗದದ ಕೆಲಸದ ಭಾಗ. ನೀನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಮೆನಾಳ ನಂಬರು ನಿನ್ನ ಬಳಿ ಇದ್ದೇ ಇರುತ್ತದೆ, ನೀವಿಬ್ಬರೂ ಹುಟ್ಟುಹಬ್ಬಕ್ಕೆ ಈಗಲೂ ಮಾತಾಡುತ್ತೀರಿ ಎಂದು ಬಲ್ಲೆ. ಅವಳಿಗೆ ಫೋನ್ ಮಾಡು. ಜುಲೈನಲ್ಲಿ ಒಳಗೆ ಹೋದಾಗ 'ನಿಮಗೆ ಗೊತ್ತಿರೋ ಹಾಗೆ' ಎನ್ನಬೇಡ ಎಂದು ಹೇಳು. ಅಲ್ಲಿಯೂ ಅವಳನ್ನು ಬಲ್ಲವರು ಕೂತಿರುತ್ತಾರೆ, ಅವರ ಮುಂದೆಯೂ ಅದನ್ನೇ ಹೇಳುತ್ತಾಳೆ. ಎದುರಿಗಿರುವವರು ಈಗಷ್ಟೇ ರೈಲು ಇಳಿದು ಬಂದವರು ಎಂದುಕೊಂಡು ಎಲ್ಲವನ್ನೂ ಹೇಳಲಿ. ಷೆಡ್ಡು, ಪೆಟ್ಟಿಗೆ, ಹೆಂಗಸರು, ಅವರಲ್ಲಿ ಒಬ್ಬಳು ಮೊದಲ ಸಲ ತಾಯಿಗೆ ಬರೆದ ಕಾಗದ, ಎಲ್ಲವನ್ನೂ. ಜಂಬ ಅನ್ನಿಸಿದರೂ ಹೇಳಲಿ. ಇದನ್ನು ನೀನೇ ಯೋಚಿಸಿ ಹೇಳಿದೆ ಎಂದಿರಲಿ. ನನ್ನ ಹೆಸರು ಬೇಡ.

ನಿನ್ನಿಂದ ಇಂಥದ್ದನ್ನು ಕೇಳುವ ಅಧಿಕಾರ ನನಗೆ ಉಳಿದಿಲ್ಲ. ಆದರೂ ಕೇಳುತ್ತಿದ್ದೇನೆ.

ಮಂಡಿಗೆ ಬಿಸಿ ನೀರಿನ ಶಾಖ ಕೊಡುವುದನ್ನು ಬಿಡಬೇಡ. ವಾಲ್ಟರನ ದೋಣಿ ನೀರಿಗಿಳಿಯಲಿ, ಇಳಿದ ಮೇಲೆ ತೇಲಲಿ. ನೀವಿಬ್ಬರೂ ಸುಖವಾಗಿರಿ. ನನ್ನಂಥವನ ಹಾರೈಕೆಗೆ ಎಷ್ಟು ಬಲವಿದೆಯೋ ಅಷ್ಟೂ ನಿಮ್ಮ ಮೇಲಿರಲಿ.

ನಿನ್ನ,
ಡೇಲ್

ತಾ.ಕ.: ಮೇಲೆ ಐದನೆಯ ಪ್ರಶ್ನೆಯನ್ನು ಬಿಟ್ಟಿದ್ದೇನೆ. ಲಕೋಟೆ ಅಂಟಿಸಿ ಮತ್ತೆ ಹರಿದೆ. ಅದನ್ನು ಓದುವ ಸರದಿ ನನ್ನದೇ ಆಗಿತ್ತು: "ಸಹೋದ್ಯೋಗಿಯೊಬ್ಬರು ಕಷ್ಟದಲ್ಲಿದ್ದಾಗ ನೀವು ನೆರವಾದ ಒಂದು ಸಂದರ್ಭವನ್ನು ವಿವರಿಸಿ." ಕುಡಿತ ಬಿಡಿಸುವ ಆ ಆಸ್ಪತ್ರೆಗೆ ನೀನು ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು ಬಂದೆಯಲ್ಲ, ಕಾಲೇಜು ರಜೆ ಕೊಟ್ಟಿದೆ ಎಂದು ಆಗ ನಿನಗೆ ಹೇಳಿದ್ದೆ. ನಾನು ರಜೆ ಕೇಳಿರಲೇ ಇಲ್ಲ. ಕೇಳಿದ್ದರೆ ಕಾರಣ ಬರೆಯಬೇಕಿತ್ತು. ನಾನು ವಾಪಸ್ಸು ಬರುವವರೆಗೂ ನನ್ನ ತರಗತಿಗಳನ್ನೆಲ್ಲ ತೆಗೆದುಕೊಂಡವಳು ಮೆನಾ. ಹಾಜರಿ ನನ್ನ ಹೆಸರಿನಲ್ಲಿ ಹಾಕಿದಳು. ಪ್ರಬಂಧಗಳನ್ನು ನನ್ನ ಹಾಗೆ ಓರೆ ಅಕ್ಷರದಲ್ಲಿ ತಿದ್ದಿದಳು. ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ.

ಆ ಪ್ರಶ್ನೆ ಓದಿದಾಗ ಅವಳು ನನ್ನನ್ನು ನೋಡಲಿಲ್ಲ. ಮೇಜು ನೋಡುತ್ತ, "ಒಂದಿದೆ. ಆದ್ರೆ ಅದು ನಾನು ಹೇಳೋದಲ್ಲ. ಮುಂದಿಂದು ಕೇಳಿ" ಎಂದಳು. ನಿಯಮದಂತೆ ಪ್ರಶ್ನೆಯನ್ನು ಒಂದು ಸಲ ಮತ್ತೆ ಓದಬಹುದು. ನಾನು ಮತ್ತೆ ಓದಿದೆ, ಅದೇ ದನಿಯಲ್ಲಿ. ಅವಳು ಬೇಡವೆಂದು ತಲೆಯಾಡಿಸಿದಳು. ಆಗ ನನ್ನ ಎದೆ ಹಗುರಾಯಿತು, ಲೋರ್ನಾ. ಮೊದಲು ಆದದ್ದು ಅದು. ನಾಚಿಕೆ ಬಹಳ ಹೊತ್ತಿನ ಮೇಲೆ ಬಂತು, ಬರಲೇಬೇಕಾದ ಅತಿಥಿಯ ಹಾಗೆ. ಆ ಹಗುರದಲ್ಲೇ ಪೆನ್ನು ಎತ್ತಿ ಸೊನ್ನೆ ಬರೆದೆ.