ಗುಂಡುಕಲ್ಲಿನಂಥ ಮಗಳು

ಕಲ್ಯ
ಭಾನುವಾರ, 2-11-2025

ನನ್ನ ಚಿನ್ನ ಸಿರಿಗೆ,

ಅಮ್ಮ ಬರೆಯುವುದು. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನಾಳೆ ನಿಮ್ಮಪ್ಪನೇ ತಂದು ಕೊಡುತ್ತಾರೆ. ಹರಿದು ಬಿಸಾಕುವುದಾದರೆ ಪೂರ್ತಿ ಓದಿ ಬಿಸಾಕು.

ನೀನು ಸುಸ್ತಾಗಿ ರಜೆ ಹಾಕಿ ಮನೆಗೆ ಬಂದು ಹಗಲು ರಾತ್ರಿ ಮಲಗಿದ್ದೆಯಲ್ಲ, ಆಗ ಕಾರಿನಲ್ಲಿ ಇಬ್ಬರು ಬಂದರು. ಇಸ್ತ್ರಿ ಬಟ್ಟೆ, ಮೆತ್ತಗಿನ ಮಾತು. ನಿಮ್ಮ ಮಗಳ ಆರೋಗ್ಯ ಹೇಗಿದೆ, ನಿದ್ದೆ ಮಾಡುತ್ತಾರಾ, ಮುಂಚಿನಿಂದ ಏನಾದರೂ ಕಾಯಿಲೆ ಇದೆಯಾ ಎಂದು ವಿಚಾರಿಸಿದರು. ನೀನೇ ಹೇಳು, ಮದುವೆಗೆ ಬಂದ ಹೆಣ್ಣಿರುವ ಮನೆಯಲ್ಲಿ ಇದನ್ನೆಲ್ಲ ಕೇಳುವವರು ಯಾರು? ಚನ್ನಪಟ್ಟಣದ ಗಂಡಿನ ಕಡೆಯವರೇ ಗುಟ್ಟಾಗಿ ವಿಚಾರಿಸಲು ಕಳಿಸಿದ್ದಾರೆ ಎಂದುಕೊಂಡೆ. ಒಬ್ಬಟ್ಟು ಬೇರೆ ಕೊಟ್ಟೆ, ನನ್ನ ಬುದ್ಧಿಗಿಷ್ಟು! 'ನನ್ ಮಗ್ಳು ಒಂದಿನ ತಲೆನೋವು ಅಂತ ಮನೀಕ್ಕಂಡೋಳಲ್ಲ ಕಣಪ್ಪಾ, ಗುಂಡ್‌ಕಲ್ಲಂಗವ್ಳೆ' ಎಂದೆ. ಎಲ್ಲಿದ್ದಾರೆ ಎಂದರು. ಕಣ್ಣು ಗುಳಿಬಿದ್ದಿದ್ದ ನಿನ್ನನ್ನು ಹೇಗೆ ತೋರಿಸಲಿ? ಸೀರೆ ತರಲು ಮಾಗಡಿಗೆ ಹೋಗಿದ್ದಾಳೆ ಎಂದುಬಿಟ್ಟೆ. ನೀನು ಮಲಗಿದ್ದ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದ್ದೆ.

ಅವರು ನಿಮ್ಮ ವಿಮಾನ ಕಂಪನಿಯವರು ಎಂದು ಯಾವ ದೇವರು ಬಂದು ಹೇಳಬೇಕಿತ್ತು? ವಿಶ್ರಾಂತಿ ಸಾಲದೆಂದು ನೀವು ಪೈಲಟ್‌ಗಳೆಲ್ಲ ಕಂಪನಿಯ ಜೊತೆ ಮಾತುಕತೆಗೆ ಕೂತಿದ್ದೀರಿ, ಹುಷಾರಿಲ್ಲವೆಂದು ರಜೆ ಹಾಕಿದವರೆಲ್ಲ ನಾಟಕ ಆಡುತ್ತಿದ್ದಾರೆಂದು ಕಂಪನಿಗೆ ಅನುಮಾನ ಎಂದು ನೀನೂ ಒಂದು ಮಾತು ಹೇಳಲಿಲ್ಲ ಕಣೆ. ಈಗ ಮಾತುಕತೆಯಲ್ಲಿ ನನ್ನ ಮಾತನ್ನೇ ಎತ್ತಿ ಆಡಿ, ನಿನ್ನನ್ನು ಸಸ್ಪೆಂಡ್ ಮಾಡಿ, ನೀವೆಲ್ಲ ಸುಳ್ಳರು ಎಂದರಂತೆ. ನಿನ್ನ ಜೊತೆಯ ಪೈಲಟ್ ಶಾಲಿನಿ ಫೋನಿನಲ್ಲಿ ಅತ್ತಳು. ಸಿರಿ ಸೀರೆ ತರಲು ಹೋಗಿದ್ದು ನಿಜವಾ ಎಂದು ನಿನ್ನ ಕಡೆಯ ಪೈಲಟ್‌ಗಳೇ ಕೇಳುತ್ತಿದ್ದಾರಂತೆ.

ಗುರುವಾರ ಕಂಪನಿಯಲ್ಲಿ ನಡೆಯುವ ನಿನ್ನ ವಿಚಾರಣೆಗೆ ನಾನೂ ಬರುತ್ತೇನೆ. ನಿಮ್ಮಪ್ಪ ಬೇಡ ಎನ್ನುತ್ತಾರೆ. ಬಿಡದಿ ಫ್ಯಾಕ್ಟರಿಯಲ್ಲಿ ಯೂನಿಯನ್ ಮಾಡಿ ಸಾಕಾದವರಲ್ಲವೇ! 'ಅವ್ರು ನಿನ್ ಬಾಯಿಂದ ಇನ್ನೊಂದ್ ಮಾತ್ ಕಿತ್ಕಂಡು ಮಗೀನ್ ಕುತ್ಗೆಗೇ ತತ್ತಾರೆ, ಸುಮ್ಕಿರು' ಎಂದು ರೇಗಿದರು. ಜೊತೆಗೆ, ಹುಡುಗಿಗೆ ಕಾಯಿಲೆ ಎಂದು ಗೊತ್ತಾದರೆ ಚನ್ನಪಟ್ಟಣದವರು ಹಿಂದೆ ಸರಿಯುತ್ತಾರೆ ಎಂಬ ದಿಗಿಲು. ಸರಿದರೆ ಸರಿಯಲಿ ಬಿಡು. ನನ್ನ ಮಗಳು ಕೂತಲ್ಲೇ ಕುಸಿಯುತ್ತಿದ್ದಳು, ನಾನೇ ತುತ್ತು ತಿನ್ನಿಸಿದೆ, ಸುಳ್ಳು ಹೇಳಿದವಳು ನಾನು, ಅವಳಲ್ಲ ಎಂದು ಅವರ ಮುಖದ ಮೇಲೆಯೇ ಹೇಳುತ್ತೇನೆ.

ಕೋಪ ಇದ್ದರೆ ಬೈದುಬಿಡು, ಮಾತು ಮಾತ್ರ ಬಿಡಬೇಡ. ಹೊತ್ತು ಹೊತ್ತಿಗೆ ಉಣ್ಣು.

ಇಂತಿ,
ಹೆತ್ತ ಮಗಳಿಗೇ ಎದುರು ಸಾಕ್ಷಿಯಾಗಿ ಕೂತಿರುವ
ನಿನ್ನಮ್ಮ ಅಂಬುಜಮ್ಮ

ತಾ.ಕ.: ಇದೊಂದು ನಿಮ್ಮಪ್ಪನಿಗೂ ಗೊತ್ತಿಲ್ಲ, ಅದಕ್ಕೇ ಲಕೋಟೆ ಅಂಟಿಸಿದ್ದೇನೆ. ಬಂದ ದಿನ ನನ್ನ ತೊಡೆಯ ಮೇಲೆ ತಲೆಯಿಟ್ಟು, ವಿಮಾನ ಇಳಿಸುವ ಹೊತ್ತಿನಲ್ಲಿ ನಿದ್ದೆಗೆ ಕಣ್ಣು ಮುಚ್ಚಿಹೋಯಿತಮ್ಮಾ, ಪಕ್ಕದವರು ಕೂಗಿ ಎಬ್ಬಿಸಿದರು, ಹಿಂದೆ ಅಷ್ಟೊಂದು ಜನ ಕೂತಿದ್ದರು ಎಂದು ಅತ್ತುಬಿಟ್ಟೆಯಲ್ಲ. ಅದನ್ನು ಹೇಳಿದರೆ ನಿಮ್ಮೆಲ್ಲರ ಮಾತನ್ನೂ ಅವರು ನಂಬಲೇಬೇಕು. ಆದರೆ ನಿನ್ನ ಕೈಗೆ ಮತ್ತೆ ವಿಮಾನ ಕೊಡುತ್ತಾರಾ? ಗುರುವಾರ ಹೇಳಲಾ, ಬೇಡವಾ?