ನೇರಳೆಹಣ್ಣಿನ ಒಗರು

ಮಾರ್ಚ್ ೯, ಸೋಮವಾರ

ಆ ಫೋಟೊ ಮನೆಯವರ ವಾಟ್ಸಾಪ್ ಗ್ರೂಪಿಗೆ ಹೋಗಬಾರದಿತ್ತು. ಟಾಸ್ಮೇನಿಯಾ ದ್ವೀಪದಲ್ಲಿ ಗೈಡ್ ಜೊತೆ ಕಾಡು ಸುತ್ತಿದ್ದು, ಚೀಸ್ ತಿಂದಿದ್ದು ಎಲ್ಲ ಬಿಟ್ಟು, ನಾನು ವೈನ್ ಗ್ಲಾಸ್ ಹಿಡಿದು ನಗುತ್ತಿರುವುದೇ ಹೋಯಿತು. ಒಬ್ಬಳೇ ಹೋಗಿದ್ದಕ್ಕೇ ಗಂಡ ಪಂಚಾಕ್ಷರಿ ಮುಖ ಊದಿಸಿಕೊಂಡಿದ್ದರು. ಇವತ್ತು ಪ್ರವಾಸ ಮುಗಿಸಿ ಬ್ರೂಕ್‌ಫೀಲ್ಡಿನ ನಮ್ಮ ಮನೆಗೆ ಬಂದರೆ, ರಾಣೇಬೆನ್ನೂರಿನಿಂದ ಅತ್ತೆಯೂ ಬಂದು ಕೂತಿದ್ದಾರೆ.

ಸಂಜೆ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟರು. "ಫೋಟೊದಾಗ ಗ್ಲಾಸಿನಾಗ ಇತ್ತಲ್ಲ, ಅದು ಹೆಂಗಿತ್ತವಾ?"

ಬೈಸಿಕೊಳ್ಳಲು ಸಿದ್ಧಳಾಗಿ, "ನೇರಳೆಹಣ್ಣಿನ ಹಂಗ ಒಗರು, ಅತ್ತೆ" ಎಂದೆ.

"ನೇರಳೆಹಣ್ಣು ಅಂದ್ರ ನನಗ ಜೀವ. ಮುಂದಿನ ಸಲ ನಾನೂ ಬರ್ತೀನಿ. ನಿನ್ನ ಗಂಡಗ ಈಗ ಹೇಳಬ್ಯಾಡ."

ಗೆದ್ದೆ! ಫೋಟೊ ಅಳಿಸುವುದಿಲ್ಲ. ನಾಳೆ ಅತ್ತೆಯ ಪಾಸ್‌ಪೋರ್ಟ್ ಫೋಟೊ ತೆಗೆಸಬೇಕು. ಅದರಲ್ಲಿ ನಗಬಾರದಂತೆ. ಅತ್ತೆಗೆ ಕಷ್ಟವೇ, ಪಕ್ಕದ ಕೋಣೆಯಿಂದ ಈಗಲೂ ಅವರ ನಗು...